ಒದ್ದೆ ಗೋಣಿಯ ಕೆಳಗಿನ ಕಲ್ಲು

ಅವತ್ತು ನಮ್ಮವರು ಎಂದಿನಂತೆ ಹಿತ್ತಲಲ್ಲಿ ಕೂತು ಚಾವಣಿಗೆ ಹೊದಿಸುವ ಕಲ್ಲು ಸೀಳುತ್ತಿದ್ದರು. ಇಪ್ಪತ್ತಾರು ವರ್ಷ ಅದೇ ಕೆಲಸ. ಕಲ್ಲನ್ನು ಮಂಡಿಗೆ ಆನಿಸಿಕೊಂಡು, ಅಂಚಿಗೆ ಅಗಲದ ಉಳಿ ಇಟ್ಟು, ಮೆಲ್ಲಗೆ ಎರಡು ಪೆಟ್ಟು. ಕಲ್ಲು ಪುಸ್ತಕದ ಹಾಳೆಯ ಹಾಗೆ ಬಿಚ್ಚಿಕೊಳ್ಳುತ್ತಿತ್ತು.

ಮಗಳು ಕಾಲೇಜಿನ ಪುಸ್ತಕ ಹಿಡಿದು ಬಂದಳು.

"ಅಪ್ಪಾ, ನಿನ್ ಕಲ್ಲಿನ ಗುಣಕ್ಕೆ ಇಂಗ್ಲಿಷಲ್ಲಿ ಒಂದು ಮಾತಿದೆ. ಫಿಸೈಲ್. ಸೀಳೋಕೆ ಬರೋವಂಥದ್ದು ಅಂತ."

"ಅವರಿಗದ್ಯಾರು ಹೇಳ್ಕೊಟ್ರು?"

"ಲ್ಯಾಟಿನ್‌ನಿಂದ ತಗೊಂಡಿದ್ದು. ಅಲ್ಲಿ ಸೀಳು ಅನ್ನೋ ಮಾತಿಂದ ಹುಟ್ಟಿದೆ. ಮೊದಲೆಲ್ಲ ಕಲ್ಲು, ಮರಕ್ಕೆ ಹೇಳ್ತಿದ್ರು. ಈಗ ಅಣುಬಾಂಬಿಗೆ ಹಾಕೋದಕ್ಕೂ ಹೇಳ್ತಾರೆ."

"ಕೇಳಿದ್ಯೇನೇ? ಇಷ್ಟು ವರ್ಷ ಬಾಂಬಿನವನ ಜೊತೆ ಬಾಳಿದೀಯ!" ಎಂದು ನನ್ನತ್ತ ನೋಡಿ ನಕ್ಕರು. ಆಮೇಲೆ ಮಗಳನ್ನು ಕೇಳಿದರು: "ನೀರಿನ ವಿಷಯ ಬರ್ದಿದಾರಾ?"

"ಇಲ್ಲ."

"ಮತ್ತಿನ್ನೇನ್ ಬರ್ದ್ರು? ಗಣಿಯಿಂದ ಬಂದ ಕಲ್ಲು ಒದ್ದೆ ಇರೋ ತನಕ ಸೀಳತ್ತೆ. ಒಣಗಿದ್ರೆ ಮುಗೀತು. ಚೂರಾಗತ್ತೆ, ಹಾಳೆಯಾಗಲ್ಲ."

ಸಂಜೆ ಒಂದು ಕಲ್ಲು ಉಳಿಯಿತು. ಅಂಚಿನಲ್ಲಿ ಉಳಿಯಿಂದ ಗೀರು ಹಾಕಿ, ಗೋಣಿ ಹೊದಿಸಿ, ನೀರು ಹಾಕಿದರು. ನಾಳೆ ನೋಡೋಣ ಎಂದರು.

ಬೆಳಗ್ಗೆ ಏಳಲಿಲ್ಲ. ಮೈ ತಣ್ಣಗಾಗಿತ್ತು.

ಮನೆ ತುಂಬ ಜನ. ಕಲ್ಲು ಯಾರ ನೆನಪಿಗೂ ಬರಲಿಲ್ಲ. ನಾಲ್ಕನೇ ದಿನ ಹಿತ್ತಲಿಗೆ ಹೋದೆ. ಗೋಣಿ ಒಣಗಿ ಹಪ್ಪಳವಾಗಿತ್ತು. ಕೊಡಗಟ್ಟಲೆ ನೀರು ಸುರಿದೆ.

ಹದಿನೈದು ದಿನದ ಮೇಲೆ ಮೈದುನ ಬಂದ. ಅವನದೂ ಅದೇ ಕಸುಬು. ಅಣ್ಣನ ಉಳಿ ತೆಗೆದುಕೊಂಡು ಕಲ್ಲಿನ ಮುಂದೆ ಕೂತ.

"ಇದೊಂದು ಸೀಳಿಬಿಡ್ತೀನಿ ಅತ್ತಿಗೆ. ಹಾಗೇ ಬಿಟ್ರೆ ಅಣ್ಣ ಬೈತಿದ್ದ."

ಅವನ ಕೈ ಹಿಡಿದುಕೊಂಡೆ.

"ಬೇಡಪ್ಪ. ಅವರು ಹೋದ್ಮೇಲೆ ಮೂರು ದಿನ ನೀರು ಹಾಕಿರ್ಲಿಲ್ಲ ನಾನು."

ಅವನು ಕಲ್ಲನ್ನು ಬೆರಳಿನಿಂದ ತಟ್ಟಿದ. ಒಳಗೂ ಒಣಗಿದೆಯೋ ಇಲ್ಲವೋ ಉಳಿ ಇಟ್ಟರೆ ಮಾತ್ರ ಗೊತ್ತಾಗುವುದು. ಅವರು ಬಿಟ್ಟುಹೋದ ಕೊನೆಯ ಕೆಲಸ ನನ್ನಿಂದ ಚೂರಾಗುವುದನ್ನು ನಾನು ನೋಡಲಾರೆ.

"ಸರಿ, ಇರ್ಲಿ ಬಿಡಿ. ನೀವು ಹೇಳಿದ ದಿನ ಬರ್ತೀನಿ," ಎಂದು ಉಳಿಯನ್ನು ಇದ್ದಲ್ಲೇ ಇಟ್ಟ.

ಇನ್ನೂ ಹೇಳಿಲ್ಲ. ಮಗಳ ಪುಸ್ತಕದ ಆ ಮಾತು ಈ ಕಲ್ಲಿಗೆ ಈಗಲೂ ಸಲ್ಲುತ್ತದೋ ಇಲ್ಲವೋ, ನನಗೆ ತಿಳಿಯದು. ಬೆಳಗ್ಗೆ ಎದ್ದವಳು ಮುಖ ತೊಳೆಯುವ ಮೊದಲು ಹಿತ್ತಲಿಗೆ ಹೋಗುತ್ತೇನೆ. ಗೋಣಿ ಸರಿಮಾಡಿ, ಎರಡು ಚೊಂಬು ನೀರು ಹಾಕುತ್ತೇನೆ.