ಸಿಸ್ಟರ್ ತೋರಿಸಿದ ಕೊಚ್ಚಿ

ಯಾವ ಊರಿಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಮನೆಗಳ ನೆತ್ತಿಯ ಮೇಲೆ. ನೀರಿನ ಟ್ಯಾಂಕ್ ಎಷ್ಟು ದೊಡ್ಡದಿದೆ, ಮೆಟ್ಟಿಲು ಹೊರಗಿನಿಂದಲೋ ಒಳಗಿನಿಂದಲೋ, ಎಷ್ಟು ಪೋರ್ಷನ್ ಮಾಡಿದ್ದಾರೆ, ಇದೆಲ್ಲ ಆದ ಮೇಲೆಯೇ ದೇವಸ್ಥಾನ, ಅರಮನೆ, ಸಮುದ್ರ. ಬೆಂಗಳೂರಿನೊಳಗೆ ಸೇರಿಹೋದ ಜರಗನಹಳ್ಳಿಯ ಹಳಬರ ಜಾಯಮಾನವೇ ಹಾಗೆ. ನಾನು ಮದುವೆಯಾಗಿ ಬಂದಾಗ ನಮ್ಮ ಮನೆಯ ಹಿಂದೆ ರಾಗಿ ಹೊಲವಿತ್ತು, ಅದರಲ್ಲಿ ನಾನೇ ಕಳೆ ಕಿತ್ತಿದ್ದೇನೆ. ಈಗ ಅಲ್ಲಿ ಮೂರು ಅಂತಸ್ತು ಎದ್ದಿದೆ. ಕಳೆ ಕೀಳುತ್ತಿದ್ದವಳು ಇವತ್ತು ಮೋಟರ್ ಆಫ್ ಮಾಡಲಿಲ್ಲವೆಂದು ಬಾಡಿಗೆಯವರ ಜೊತೆ ಜಗಳ ಕಾಯುತ್ತೇನೆ. ಹಾಗಾಗಿ ಕೊಚ್ಚಿಯಲ್ಲಿ ಏನೇನು ನೋಡಿದೆ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಸ್ವಲ್ಪ ಬೇರೆ ಥರ ಇರುತ್ತದೆ.

ನಿಜ ಹೇಳಬೇಕೆಂದರೆ ನಾನು ಅಲ್ಲಿಗೆ ಹೋದದ್ದು ಊರು ನೋಡಲಿಕ್ಕಲ್ಲ. ಒಬ್ಬರನ್ನು ವಾಪಸ್ ಕರೆದುಕೊಂಡು ಬರಲಿಕ್ಕೆ.

ನಮ್ಮ ಮೇಲಿನ ಮನೆಯಲ್ಲಿ ಒಬ್ಬರು ನರ್ಸ್ ಬಾಡಿಗೆಗೆ ಇದ್ದರು. ತಿಲಕ್ ನಗರದ ಕಡೆ ಒಂದು ಆಸ್ಪತ್ರೆಯಲ್ಲಿ ಕೆಲಸ. ಬೀದಿಯವರೆಲ್ಲ ಸಿಸ್ಟರ್ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಅವರ ಊರು ಕೊಚ್ಚಿ. ಇನ್ನೂ ಹುಡುಗಿಯಾಗಿದ್ದಾಗಲೇ ನರ್ಸಿಂಗ್ ಕಲಿಯಲು ಬೆಂಗಳೂರಿಗೆ ಬಂದವರು, ಮದುವೆಯಾಗಲಿಲ್ಲ, ಇಲ್ಲೇ ನಿಂತುಬಿಟ್ಟರು. ನಮ್ಮ ಮನೆಗೆ ಬಂದಾಗ ನನ್ನ ಮಗಳು ಅಂಗನವಾಡಿಗೆ ಹೋಗುತ್ತಿದ್ದಳು. ಆ ಮಗಳ ಬಾಣಂತನವೂ ಅವರ ಕೈಯಲ್ಲೇ ಆಯಿತು. ನಮ್ಮ ಅತ್ತೆ ಹಾಸಿಗೆ ಹಿಡಿದಾಗ ಡ್ಯೂಟಿ ಮುಗಿಸಿಕೊಂಡು ಬಂದು, ಮಗ್ಗುಲು ಬದಲಾಯಿಸಿ, ಬೆನ್ನಿಗೆ ಪೌಡರ್ ಹಾಕಿ ಹೋಗುತ್ತಿದ್ದರು. ಅತ್ತೆ ನನಗೆ ಬೈಯುವಷ್ಟೇ ಸಲೀಸಾಗಿ ಅವರಿಗೂ ಬೈಯುತ್ತಿದ್ದರು. ಅಷ್ಟು ಹತ್ತಿರ.

ಸಂಜೆ ನಾವಿಬ್ಬರೂ ತಾರಸಿಯ ಮೇಲೆ ಕೂತು ಕಾಫಿ ಕುಡಿಯುವುದು ರೂಢಿ. ಕನಕಪುರ ರಸ್ತೆಯ ಬಸ್ಸುಗಳ ಸದ್ದಿಗೆ ಮೀರಿ ಮಾತಾಡಬೇಕು, ಆದ್ದರಿಂದ ನಮ್ಮ ಗುಟ್ಟೆಲ್ಲ ಪಕ್ಕದ ಮನೆಯವರಿಗೂ ಗೊತ್ತು. "ರಿಟೈರ್ ಆದ್ಮೇಲೆ ನಮ್ಮೂರಿಗೆ ಹೋಗ್ಬಿಡ್ತೀನಿ ಅಕ್ಕ. ನೀವು ಬನ್ನಿ, ಎಲ್ಲಾ ತೋರಿಸ್ತೀನಿ," ಎಂದು ಅವರು ಆಗಾಗ ಹೇಳುತ್ತಿದ್ದರು. ನಾಳೆಯಿಂದ ಸಕ್ಕರೆ ಬಿಡ್ತೀನಿ ಅನ್ನುವವರ ಮಾತಿಗೆ ತಲೆಯಾಡಿಸುವ ಹಾಗೆ ನಾನೂ ಆಡಿಸುತ್ತಿದ್ದೆ. ಈ ಬೇಸಿಗೆಯಲ್ಲಿ ರಿಟೈರ್ ಆದರು, ನಿಜವಾಗಿಯೂ ಹೊರಟುಬಿಟ್ಟರು. ಅವರ ತಮ್ಮ ತನ್ನ ಮನೆಯ ಪಕ್ಕದಲ್ಲೇ ಎರಡು ಕೋಣೆ ರೆಡಿ ಮಾಡಿಸಿಕೊಟ್ಟಿದ್ದನಂತೆ.

ಅವರು ಹೋದ ಮೇಲೆ ನನಗೆ ಮಾತಾಡಲು ಯಾರೂ ಉಳಿಯಲಿಲ್ಲ. ಮನೆ ತುಂಬ ಜನ ಇದ್ದಾರೆ, ಇಲ್ಲವೆಂದಲ್ಲ. ಮನೆಯವರು ಇದ್ದಾರೆ, ಅವರಿಗೆ ಟಿವಿ ಇದೆ.

ಅವರು ಖಾಲಿ ಮಾಡಿದ್ದು ಆಷಾಢ ಹುಟ್ಟುವ ಮುಂಚೆ. ಆಷಾಢದಲ್ಲಿ ನಮ್ಮ ಕಡೆ ಯಾರೂ ಹೊಸ ಮನೆಗೆ ಹೋಗಿ ಹಾಲು ಉಕ್ಕಿಸುವುದಿಲ್ಲ. ಖಾಲಿ ಬಿದ್ದ ಮನೆ ಆ ತಿಂಗಳು ಪೂರ್ತಿ ಖಾಲಿಯೇ. ಬೇರೆ ಪೋರ್ಷನ್ ಖಾಲಿ ಬಿದ್ದ ವರ್ಷಗಳಲ್ಲಿ ಇದಕ್ಕಾಗಿ ಹೊಟ್ಟೆ ಉರಿಸಿಕೊಳ್ಳುತ್ತಿದ್ದವಳು ಈ ಸಲ ಆಷಾಢಕ್ಕೆ ಕೈ ಮುಗಿದೆ. ಮನೆಯವರು ಟು-ಲೆಟ್ ಬೋರ್ಡ್ ನೇತುಹಾಕಲು ಹೊರಟರೆ, "ಆಷಾಢದಲ್ಲಿ ಯಾರ್ ಬರ್ತಾರ್ರೀ, ಸುಮ್ನಿರಿ," ಎಂದು ಅದನ್ನು ಅಟ್ಟಕ್ಕೆ ಹಾಕಿಸಿದೆ. ಶಾಸ್ತ್ರ ಸಂಪ್ರದಾಯ ಯಾವುದೂ ಬೇಡದ ಒಂದು ಜೋಡಿ ತಾವಾಗಿಯೇ ಕೇಳಿಕೊಂಡು ಬಂದಾಗ, ಪ್ಲಂಬಿಂಗ್ ಕೆಲಸ ಬಾಕಿ ಇದೆ ಎಂದು ಸಾಗಹಾಕಿದೆ. ಅಷ್ಟರೊಳಗೆ ಸಿಸ್ಟರಿಗೆ ಬೇಸರ ಹತ್ತಿ ಬ್ಯಾಗ್ ಹಿಡಿದು ವಾಪಸ್ ಬರುತ್ತಾರೆ ಎಂದು ನನ್ನ ಲೆಕ್ಕ. ಅವರು ಬರಲಿಲ್ಲ. ತಿಂಗಳು ಮುಗಿಯುತ್ತ ಬಂತು. ನಾನೇ ಹೊರಟೆ.

ಮಡಿವಾಳದಲ್ಲಿ ಕೇರಳದ ಬಸ್ಸಿಗೆ ಹತ್ತಿಸಲು ಬಂದ ಮನೆಯವರು ನನ್ನ ಚೀಲ ಎತ್ತಿ ನೋಡಿದರು. ರಾಗಿ ಹಿಟ್ಟು, ಹುರುಳಿಕಾಳು, ಚಟ್ನಿಪುಡಿ, ಒಂದು ಡಬ್ಬ ನಿಪ್ಪಟ್ಟು. "ಸಮುದ್ರ ನೋಡೋಕ್ ಹೋಗ್ತಿದೀಯೋ, ಅಂಗಡಿ ಇಡೋಕೋ?" ಎಂದರು. ನನ್ನ ಉದ್ದೇಶ ಅವರಿಗೆ ಹೇಳಿರಲಿಲ್ಲ. ಹೇಳಿದ್ದರೆ ನಗುತ್ತಿದ್ದರು.

ಬೆಳಿಗ್ಗೆ ಸಿಸ್ಟರ್ ಛತ್ರಿ ಹಿಡಿದು ಬಸ್ಸಿಗೆ ಕಾದಿದ್ದರು. ಮೈ ಸ್ವಲ್ಪ ಇಳಿದುಹೋಗಿತ್ತು. ಅವರ ಎರಡು ಕೋಣೆ ಹಳೇ ಕೊಚ್ಚಿಯ ಮಟ್ಟಾಂಚೇರಿಯ ಒಂದು ಸಂದಿಯಲ್ಲಿದೆ. ನಾನು ಸುಮ್ಮನಿರುವವಳೇ, ಎಲ್ಲ ನೋಡಿದೆ. ಗೋಡೆಗೆ ತೇವ ಹತ್ತಿದೆ, ಟ್ಯಾಂಕ್ ಚಿಕ್ಕದು, ಬಟ್ಟೆ ಒಣಗಿಸಲು ಜಾಗವಿಲ್ಲ. ಅಕ್ಕಪಕ್ಕದಲ್ಲಿ ಕೂತು ಕಾಫಿ ಕುಡಿಯಲು ತಾರಸಿಯೂ ಇಲ್ಲ, ಹೆಂಚಿನ ಸೂರು. ಬಾಯಲ್ಲಿ ಚೆನ್ನಾಗಿದೆ ಎಂದೆ, ಮನಸ್ಸಿನಲ್ಲಿ ಫೇಲ್ ಮಾಡಿದೆ. ಫೇಲಾದಷ್ಟೂ ನನಗೆ ಲಾಭ.

ತಿಂಡಿಯಾದ ಮೇಲೆ ಅರಮನೆ ತೋರಿಸುತ್ತೇನೆಂದು ಆಟೋ ಹತ್ತಿಸಿದರು. ನಾವಿಬ್ಬರೂ ಕನ್ನಡದಲ್ಲಿ ಹರಟುತ್ತಿದ್ದುದನ್ನು ಕೇಳಿ ಆಟೋದವನು ಅವರ ಹತ್ತಿರವೂ ಹಿಂದಿಯಲ್ಲೇ ಮಾತಾಡಿದ. ಅವರು ಮಲಯಾಳದಲ್ಲಿ ಹೇಳಿದರು. ಅವನು ಮತ್ತೆ ಹಿಂದಿಯಲ್ಲಿ, ಎಲ್ಲಿಂದ ಬಂದಿರಿ ಎಂದು ಕೇಳಿದ. ಕೊನೆಗೆ ಸಿಸ್ಟರ್, "ಬೆಂಗಳೂರು," ಎಂದರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅವರ ಮುಖ ನೋಡಬೇಕೆಂದು ಆಗ ಹೊಳೆಯಲಿಲ್ಲ.

ಅರಮನೆಯ ಬಾಗಿಲು ಹಾಕಿತ್ತು. ಶುಕ್ರವಾರ ರಜೆ ಎಂದ ಕಾವಲಿನವನು. "ನಂಗೆ ಗೊತ್ತೇ ಇರ್ಲಿಲ್ಲ ಅಕ್ಕ," ಎಂದು ಸಿಸ್ಟರ್ ನಾಚಿಕೊಂಡರು. "ಇದ್ರ ಮುಂದೇನೇ ಸ್ಕೂಲಿಗೆ ಹೋಗ್ತಿದ್ದಿದ್ದು. ಒಳಗೆ ಯಾವತ್ತೂ ಹೋಗಿಲ್ಲ." ರಜೆಗೆ ಬಂದಾಗಲೆಲ್ಲ ಮದುವೆ, ನಾಮಕರಣ, ಇಲ್ಲ ಸಾವು, ಊರು ನೋಡಲು ಯಾರಿಗೆ ಪುರುಸೊತ್ತಿತ್ತು ಎಂದರು. ಬೆಂಗಳೂರಿನ ಅರಮನೆಯ ಒಳಗೆ ನಾನೂ ಕಾಲಿಟ್ಟವಳಲ್ಲ, ಆದರೆ ಆ ಮಾತು ಅಲ್ಲಿ ಆಡಲಿಲ್ಲ. ಅವರ ಊರು ಅವರಿಗೇ ಹೊಸದಾಗಿದೆ ಎನ್ನುವುದು ನನಗೆ ಬೇಕಿತ್ತು.

ಅವತ್ತು ಮಸಾಲೆ ಮಂಡಿಗಳ ಬೀದಿಯಲ್ಲಿ ಅಡ್ಡಾಡಿದೆವು. ಹಳೆಯ ಗೋಡೌನುಗಳ ಒಳಗಿಂದ ಒಣಶುಂಠಿಯ ಘಾಟು ಬಂದು ನನಗೆ ಸೀನಿನ ಮೇಲೆ ಸೀನು. ಸಂಜೆ ಕಡಲ ದಂಡೆಯಲ್ಲಿ ಚೀನಾ ಬಲೆ ನೋಡಿದೆವು. ನಮ್ಮ ತೋಟದ ಬಾವಿಗೆ ಹಿಂದೆ ಏತ ಇತ್ತಲ್ಲ, ಅದನ್ನೇ ಹತ್ತು ಪಟ್ಟು ದೊಡ್ಡದು ಮಾಡಿ ಸಮುದ್ರಕ್ಕೆ ಹೂಡಿದಂತಿದೆ. ಮರದ ತೊಲೆ, ಹಗ್ಗಕ್ಕೆ ನೇತುಹಾಕಿದ ಕಲ್ಲುಗುಂಡು. ನಾಲ್ಕಾರು ಜನ ಜೀವ ಬಿಟ್ಟು ಎಳೆದರೆ ಬಲೆ ಮೇಲೇಳುತ್ತದೆ, ಒಳಗೆ ಬೊಗಸೆ ಮೀನು. "ಇಷ್ಟಕ್ಕೆ ಇಷ್ಟೊಂದ್ ಕಷ್ಟವಾ?" ಎಂದೆ. "ಫೋಟೋ ತೆಗೆಯೋರು ಇದಾರಲ್ಲ," ಎಂದರು ಸಿಸ್ಟರ್. ಇಬ್ಬರೂ ನಕ್ಕೆವು. ಎಷ್ಟೋ ದಿನದ ಮೇಲೆ ನಾನು ಹಾಗೆ ನಕ್ಕಿದ್ದು.

ಮರುದಿನ ಅರಮನೆ ತೆಗೆದಿತ್ತು. ಗೋಡೆಯ ಮೇಲೆಲ್ಲ ರಾಮಾಯಣದ ಚಿತ್ರ, ಒಂದಕ್ಕೊಂದು ಒತ್ತಿಕೊಂಡು ನಿಂತ ಜನ, ಎಲ್ಲರ ಕಣ್ಣೂ ಅಷ್ಟಗಲ. ಸಿಸ್ಟರ್ ಶಾಲೆಯ ಹುಡುಗಿಯ ಹಾಗೆ ಪ್ರತಿಯೊಂದು ಫಲಕವನ್ನೂ ಓದಿ ನನಗೆ ಕನ್ನಡದಲ್ಲಿ ಹೇಳಿದರು. ಅರಮನೆ ಕಟ್ಟಿಸಿಕೊಟ್ಟವರು ಪೋರ್ಚುಗೀಸರಂತೆ, ಆಮೇಲೆ ರಿಪೇರಿ ಮಾಡಿಸಿದವರು ಡಚ್ಚರಂತೆ, ಈಗ ಎಲ್ಲರೂ ಕರೆಯುವುದು ಡಚ್ ಅರಮನೆ ಎಂದು. "ನಮ್ ಬಾಡಿಗೆಯವ್ರಿಗೆ ಈ ವಿಷ್ಯ ಗೊತ್ತಾಗ್ಬಾರ್ದು ಸಿಸ್ಟರ್. ಸುಣ್ಣ ಬಳಿಸಿ ಮನೆ ನಮ್ದು ಅಂತಾರೆ," ಎಂದೆ. ಅವರು ಜೋರಾಗಿ ನಕ್ಕು, ಕಾವಲಿನವಳಿಂದ ಬೈಸಿಕೊಂಡರು. ಮಲಯಾಳದಲ್ಲೇ ಬೈದಳು. ಅದಕ್ಕೆ ಸಿಸ್ಟರ್ ಖುಷಿಪಟ್ಟಿದ್ದು ನನಗೆ ಆಗ ಅರ್ಥವಾಗಲಿಲ್ಲ.

ಮಧ್ಯಾಹ್ನ ಒಂದು ಹಳೆಯ ಚರ್ಚಿಗೆ ಕರೆದುಕೊಂಡು ಹೋದರು. ಒಳಗೆ ನೆಲದಲ್ಲಿ ಒಂದು ಸಮಾಧಿ, ಸುತ್ತ ಕಂಬಿ, ಅದರ ಸುತ್ತ ಜನ. ದೂರದ ದೇಶದಿಂದ ಹಡಗಿನಲ್ಲಿ ಬಂದ ದೊಡ್ಡ ನಾವಿಕನೊಬ್ಬನನ್ನು ಇಲ್ಲಿ ಹೂಳಿದ್ದರಂತೆ. ಕೆಲವು ವರ್ಷದ ಮೇಲೆ ಅಗೆದು ಅವನ ದೇಶಕ್ಕೇ ಒಯ್ದರಂತೆ. ಈಗ ಒಳಗೆ ಏನೂ ಇಲ್ಲ. ಆದರೂ ಜನ ಮುಗಿಬಿದ್ದು ನೋಡುತ್ತಾರೆ.

ನನಗೆ ತಡೆಯಲಾಗಲಿಲ್ಲ. "ಖಾಲಿ ಜಾಗ ನೋಡೋಕೆ ಇಷ್ಟು ಜನ! ನಮ್ ಮೇಲಿನ್ ಮನೆ ನೋಡೋಕೆ ಒಬ್ಬರನ್ನೂ ಬಿಟ್ಟಿಲ್ಲ ನಾನು," ಎಂದುಬಿಟ್ಟೆ.

ಸಿಸ್ಟರ್ ನನ್ನ ಕಡೆ ತಿರುಗಿದರು. "ಇನ್ನೂ ಯಾರ್ಗೂ ಕೊಟ್ಟಿಲ್ವಾ?"

"ಆಷಾಢ ಅಲ್ವಾ," ಎಂದೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ನನ್ನ ಧ್ವನಿ ನನಗೇ ಸುಳ್ಳೆನಿಸಿತು. ಅಷ್ಟು ವರ್ಷ ನಮ್ಮ ಬೀದಿಯಲ್ಲಿ ಇದ್ದವರಿಗೆ ಆಷಾಢವೂ ಗೊತ್ತು, ನಾನೂ ಗೊತ್ತು. ಅವರು ಛತ್ರಿ ಬಿಚ್ಚಿಕೊಂಡು ಹೊರಗೆ ನಡೆದರು. ಮನೆಗೆ ಬಂದೆವು. ನಾನು ತಂದ ಹಿಟ್ಟಿನಲ್ಲಿ ಮುದ್ದೆ ತೊಳಸಿದರು, ಹುರುಳಿಕಾಳಿನ ಸಾರು ಮಾಡಿದರು, ಇಬ್ಬರೂ ಊಟ ಮಾಡಿದೆವು. ಕೇಳುವುದಾದರೆ ಇವತ್ತೇ ಕೇಳಬೇಕು, ಸಂಜೆ ನನಗೆ ಬಸ್ಸು. ಮಾತನ್ನು ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡೆ: ಬಾಡಿಗೆ ಬೇಡ, ಸುಮ್ಮನೆ ಬಂದು ಇದ್ದುಬಿಡಿ, ನನಗೆ ನೀವು ಬೇಕು.

ಬಸ್ಸು ಹಿಡಿಯಲು ದೋಣಿಯಲ್ಲಿ ಆಚೆ ದಡದ ಎರ್ನಾಕುಲಕ್ಕೆ ಹೋಗಬೇಕು. ದೋಣಿಕಟ್ಟೆಯಲ್ಲಿ ಬೆಂಚಿನ ಮೇಲೆ ಕೂತೆವು. ಮಳೆ ನಿಂತಿತ್ತು. ನಾನು ಬಾಯಿ ತೆಗೆಯುವಷ್ಟರಲ್ಲಿ ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು, ನಾಡಿ ನೋಡುವವರ ಹಾಗೆ.

"ಕೇಳ್ಬೇಡಿ ಅಕ್ಕ. ಕೇಳಿದ್ರೆ ಬಂದ್ಬಿಡ್ತೀನಿ."

ನಾನು ಅವರನ್ನೇ ನೋಡಿದೆ.

"ಆಟೋದವ್ನು ನನ್ನ ಎಲ್ಲಿಂದ ಬಂದ್ರಿ ಅಂತ ಕೇಳ್ದ ನೋಡಿ, ನಮ್ಮೂರಲ್ಲಿ. ತಮ್ಮನ ಮಕ್ಳು ನನ್ ಹತ್ರ ಇಂಗ್ಲಿಷ್ ಮಾತಾಡ್ತಾರೆ. ಬೆಂಗ್ಳೂರಿಗೆ ಹೋದ ಹೊಸದ್ರಲ್ಲೂ ಹೀಗೇ ಆಗಿತ್ತು. ಹಾಸ್ಟೆಲ್‌ನಲ್ಲಿ ಒಂದು ವರ್ಷ ಅತ್ತಿದೀನಿ. ಆವಾಗ ಇಲ್ಲಿಂದ ಒಬ್ಬರಾದ್ರೂ ಬಂದು, ಸಾಕು ನಡಿ ಮನೆಗೆ, ಅಂತ ಕರೆದಿದ್ರೆ ಓಡಿ ಬರ್ತಿದ್ದೆ. ಯಾರೂ ಕರೀಲಿಲ್ಲ. ಅದಕ್ಕೇ ಅಲ್ಲಿ ಉಳ್ಕೊಂಡೆ. ಆ ಊರು ನಂದಾಯ್ತು, ನೀವು ಸಿಕ್ರಿ." ಮಣಿಕಟ್ಟು ಬಿಡದೆ ಹೇಳಿದರು, "ಈ ಊರೂ ನಂದಾಗುತ್ತೆ. ನೀವ್ ಕರೀದೇ ಇದ್ರೆ ಆಗುತ್ತೆ."

"ಈಗ್ಲೂ ಅಳ್ತೀರಾ?" ಎಂದೆ.

"ದಿನಾ," ಎಂದರು. "ಆದ್ರೂ ಕೇಳ್ಬೇಡಿ."

ನನಗೆ ಸಿಟ್ಟು ಬಂತು. ಇಷ್ಟು ಹತ್ತಿರ ಬಂದ ತುತ್ತು ಬಾಯಿಗೆ ಬೀಳಲಿಲ್ಲವಲ್ಲ ಎನಿಸಿತು. ಬಾಡಿಗೆಯವರ ಜೊತೆ, ಕಾರ್ಪೊರೇಷನ್‌ನವರ ಜೊತೆ, ದಾಯಾದಿಗಳ ಜೊತೆ ಬಾಯಿ ಮಾಡಿ ಗೆದ್ದವಳು ನಾನು. ಒಂದು ಮಾತು ಆಡಿದ್ದರೆ ಸಿಸ್ಟರ್ ಎದ್ದು ಬರುತ್ತಿದ್ದರು, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಆ ಒಂದು ಮಾತನ್ನು ನುಂಗಿಕೊಂಡು, ಊಟ ಸರಿಯಾಗಿ ಮಾಡಿ ಎಂದಷ್ಟೇ ಹೇಳಿದೆ.

ದೋಣಿ ಬಂತು, ಹತ್ತಿದೆ. ಅವರು ಕಟ್ಟೆಯ ತುದಿಗೆ ಬಂದು ನಿಂತು ಕೈ ಬೀಸಿದರು. ನನ್ನ ಕೈಯೂ ಏಳುತ್ತಿತ್ತು. ದೂರದಿಂದ ನೋಡುವವರಿಗೆ ಕೈ ಬೀಸಿದರೆ ಬಾ ಎಂದು ಕರೆದ ಹಾಗೇ ಕಾಣುತ್ತದೆ. ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು, ಅವರು ಕಣ್ಣಿಗೆ ಮರೆಯಾಗುವವರೆಗೂ ಹಾಗೇ ನಿಂತಿದ್ದೆ.