ಹಳ್ಳದಾಚೆಯ ಪರದೇಶ

ನಾನು ಪರದೇಶದಲ್ಲಿ ಮಾಸ್ತರಿಕೆ ಮಾಡಿ ಬಂದವನು. ಹಳಿಯಾಳದ ಪೇಟೆಯಲ್ಲಿ ಆಗ ಯಾರನ್ನು ಕೇಳಿದರೂ ಈ ಮಾತು ಹೇಳುತ್ತಿದ್ದರು. ಯಾವ ದೇಶ ಎಂದು ಕೇಳಿದರೆ ಮಾತ್ರ ಪಡುವಣಕ್ಕೆ ಕೈ ತೋರಿಸಿ ಸುಮ್ಮನಾಗುತ್ತಿದ್ದರು. ಆ ದಿಕ್ಕಿಗೆ ರಾಮನಗರದವರೆಗೆ ಮೋಟಾರಿನಲ್ಲಿ ಹೋಗಿ, ಅಲ್ಲಿಂದ ಘಟ್ಟ ಇಳಿಯುವ ಎತ್ತಿನ ಗಾಡಿಗಳ ಬೆನ್ನು ಹತ್ತಿ ನಡೆದರೆ ಒಂದು ಹಳ್ಳ ಸಿಗುತ್ತಿತ್ತು. ಈಚೆ ದಂಡೆ ಇಂಗ್ಲಿಷರದು, ಆಚೆ ದಂಡೆ ಪೋರ್ತುಗೀಜರ ಗೋವೆ. ಬೇಸಿಗೆಯಲ್ಲಿ ಮೊಳಕಾಲಿನಷ್ಟು ನೀರು. ಸ್ವದೇಶದಲ್ಲಿ ಎತ್ತಿ ಹಿಡಿದ ಧೋತರವನ್ನು ನಾನು ಪರದೇಶದಲ್ಲಿ ಇಳಿಸುತ್ತಿದ್ದೆ.

ಬೇಕೆಂದು ಹೋದವನಲ್ಲ. ತೇರಗಾಂವದ ನಮ್ಮ ಮನೆಯಲ್ಲಿ ನನಗಿಂತ ಮೊದಲು ನಾಲ್ಕನೆಯ ಇಯತ್ತೆ ದಾಟಿದವರಿಲ್ಲ. ಅಪ್ಪ ನೇಗಿಲು ಹಿಡಿದವ, ಅವ್ವ ಹಳಿಯಾಳದ ಸಂತೆಯಲ್ಲಿ ಬೆಣ್ಣೆ ಮಾರುವವಳು. ನಾನು ಧಾರವಾಡದಲ್ಲಿ ಧರ್ಮದ ಬೋರ್ಡಿಂಗಿನ ಅನ್ನ ಉಂಡು, ಮಂದಿಯ ಪುಸ್ತಕ ಇಸಕೊಂಡು ಓದಿ ಬಿ.ಎ. ಪಾಸಾದೆ. ಆ ಎರಡು ಅಕ್ಷರಗಳನ್ನು ಇವತ್ತಿಗೂ ಸಣ್ಣ ದನಿಯಲ್ಲಿ ಹೇಳುವುದಿಲ್ಲ.

ಪಾಸಾದ ಮೇಲೆ ಹಳಿಯಾಳದ ಇಂಗ್ಲಿಷ್ ಶಾಲೆಗೆ ಅರ್ಜಿ ಹಾಕಿದೆ. ಶಾಲೆಯ ಕಮಿಟಿಯ ಅಧ್ಯಕ್ಷರು ಅರಿವೆ ಅಂಗಡಿಯ ಸಾವಕಾರರು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ತಮ್ಮಾ, ನೀ ನಿಮ್ಮವ್ವನ ಹಿಂದ ಬೆಣ್ಣಿ ಗಡಗಿ ಹೊತಗೊಂಡ ಬರೂದ ನಾವೆಲ್ಲಾ ನೋಡೇವಿ. ನಿನ್ನ ಮುಂದ ನಮ್ಮ ಹುಡುಗರು ಕೈ ಕಟ್ಟಿ ನಿಲ್ಲಬೇಕಂದ್ರ ಹೆಂಗ ನಿಂತಾವು?" ಎಂದರು. ಮುಂಡಗೋಡದಲ್ಲಿ ಕೇಳಿದೆ. ಹಳಿಯಾಳದವರೇ ಬೇಡವೆಂದವನನ್ನು ತಾವೇಕೆ ಇಟ್ಟುಕೊಳ್ಳಬೇಕೆಂದು ಅವರೂ ಕೈ ಆಡಿಸಿದರು. ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ದಿಮ್ಮಿ ಅಳೆಯುವ ಕೆಲಸವೇನೋ ಇತ್ತು. ಬಿ.ಎ. ಮಾಡಿ ದಿಮ್ಮಿ ಅಳೆಯಲು ಮನಸ್ಸು ಒಪ್ಪಲಿಲ್ಲ. ಗೋವೆಯ ಒಂದು ಹಳ್ಳಿಯ ಇಂಗ್ಲಿಷ್ ಶಾಲೆಗೆ ಮಾಸ್ತರರು ಬೇಕಾಗಿದ್ದಾರೆಂದು ಕೇಳಿ, ಗಂಟು ಕಟ್ಟಿದೆ.

ಅವ್ವ ಅತ್ತಳು. ನಮ್ಮ ಕಡೆ ತಾಯಿ-ತಂದೆ ಇಲ್ಲದವನನ್ನು, ದಿಕ್ಕುಗೇಡಿಯನ್ನು ಪರದೇಶಿ ಎನ್ನುತ್ತಾರೆ. "ನಾ ಇನ್ನೂ ಗಟ್ಟಿ ಇದ್ದೇನಿ. ನನ್ನ ಮಗನ್ನ ಮಂದಿ ಪರದೇಶಿ ಅಂದ್ರ ನಾ ಹೆಂಗ ಕೇಳ್ಲಿ?" ಎಂದಳು. ಹಳಿಯಾಳದಲ್ಲಿಯೇ, ಬಿ.ಎ. ಎಂಬ ಕಾರಣಕ್ಕೇ ಕುರ್ಚಿಯ ಮೇಲೆ ಕೂತು ತೋರಿಸುತ್ತೇನೆಂದು ಅವಳಿಗೆ ಮಾತು ಕೊಟ್ಟು ಹೊರಟೆ.

ಹಳ್ಳದ ಆಚೆ ಫಿರಂಗಿ ಸರಕಾರದ ಸುಂಕದ ನಾಕೆ ಇತ್ತು. ಯುದ್ಧದ ದಿನಗಳು, ತಪಾಸಣೆ ಬಿಗಿ. ಗಲ್ಲಿಮೀಸೆಯ ಅಧಿಕಾರಿಯೊಬ್ಬ ನನ್ನ ಗಂಟು ಬಿಚ್ಚಿ, ಅವ್ವ ಕಟ್ಟಿಕೊಟ್ಟ ಕೆಂಪು ಶೇಂಗಾ ಹಿಂಡಿಯನ್ನು, ಖಾರದ ಚಟ್ನಿಪುಡಿಯನ್ನು, ಕಂಡು, ಇದೇನು ಸಿಡಿಮದ್ದಿನ ಪುಡಿಯೇ ಎಂಬಂತೆ ಹಿಂದೆ ಸರಿದ. ತಿನ್ನುವ ವಸ್ತು ಎಂದು ನಾನು ಸನ್ನೆ ಮಾಡಿದೆ. ಅವನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡ. ಆಮೇಲೆ ಬಹಳ ಹೊತ್ತು ಹಳ್ಳದ ದಂಡೆಯಲ್ಲಿ ಬೊಗಸೆಯಿಂದ ನೀರು ಕುಡಿದ. ಅಂದಿನಿಂದ ಆ ಸಾಮ್ರಾಜ್ಯ ನನ್ನ ಗಂಟನ್ನು ಮುಟ್ಟಲಿಲ್ಲ.

ಆ ಹಳ್ಳಿಯಲ್ಲಿ ಪಾವು ಬ್ರೆಡ್ಡು ಸುಡುವ ಭಟ್ಟಿಯ ಮೇಲಿನ ಕೋಣೆ ನನ್ನದು. ಬೆಳಗಿನಿಂದ ನೆಲ ಕಾಯುತ್ತಿತ್ತು. ಮಳೆಗಾಲದಲ್ಲಿ ಅದೇ ಸುಖ. ರೊಟ್ಟಿ ಕಾಣದೆ ಗಂಜಿ ಕುಡಿದೆ. ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣ ಕಲಿಸಿದೆ, ಅವರಿಂದ ಕೊಂಕಣಿ ಕಲಿತೆ. ಅಲ್ಲಿಯೂ ನಾನು ಪರದೇಶದವನೇ. ಮನೆಯೊಡತಿ, ಕಾಡಿನ ಆಚೆಯ ನಿಮ್ಮ ದೇಶದಲ್ಲಿ ಹುಲಿ ಇವೆಯಂತೆ ಹೌದೆ ಎಂದು ಕೇಳುತ್ತಿದ್ದಳು. ರಜೆಗೆ ಊರಿಗೆ ಬಂದರೆ ನಮ್ಮ ಓಣಿಯವರೂ ಆ ದೇಶದಲ್ಲಿ ಹುಲಿ ಇವೆಯೆ ಎಂದು ಕೇಳುತ್ತಿದ್ದರು. ಹುಲಿಯೋ, ನಡುವಿನ ಜೋಯಿಡಾದ ಕಾಡಿನಲ್ಲಿದ್ದುಕೊಂಡು ಯಾರ ಪರವಾನಿಗೆಯೂ ಇಲ್ಲದೆ ಎರಡೂ ದೇಶಗಳ ದನ ತಿನ್ನುತ್ತಿತ್ತು.

ಹೀಗೆ ಒಂದೆರಡು ಮಳೆಗಾಲ ಕಳೆದವು. ಒಂದು ಬೇಸಿಗೆ ಊರಿಗೆ ಬಂದಾಗ ಸಾವಕಾರರಿಂದಲೇ ಕರೆ ಬಂತು. ಶಾಲೆಯ ಹೆಡ್‌ಮಾಸ್ತರರು ಬಿಟ್ಟು ಹೋಗಿದ್ದರು. ಹಳ್ಳಕ್ಕೆ ಕಾಲು ಹಾಕದವರು ಹಬ್ಬಿಸಿದ ನನ್ನ ಪರದೇಶದ ಕೀರ್ತಿ ಅಂಗಡಿಯವರೆಗೂ ಮುಟ್ಟಿತ್ತು.

ಸಂತೆಯ ದಿನ. ಅವ್ವ ಬೆಣ್ಣೆ ಇಟ್ಟುಕೊಂಡು ಕೂತಿದ್ದ ಸಾಲನ್ನು ದಾಟಿ ಅಂಗಡಿಗೆ ಹೋದೆ. ಈ ಸಲ ಗಾದಿಯ ಮೇಲೆ ಕೂಡಿಸಿದರು. ಸಾವಕಾರರ ಪಕ್ಕದಲ್ಲಿ ಕಮಿಟಿಯ ಇನ್ನೊಬ್ಬ ಸದಸ್ಯರು, ಪಿಂಚಣಿಯ ಕಾರಕೂನರು, ಮಡಿಯ ಮನುಷ್ಯ, ನನ್ನಿಂದ ಒಂದು ಮಾರು ದೂರ ಸರಿದು ಕೂತಿದ್ದರು.

"ಬರ್ರಿ ಮಾಸ್ತರ, ಬರ್ರಿ," ಎಂದರು ಸಾವಕಾರರು. ತಮ್ಮಾ ಹೋಗಿ ಮಾಸ್ತರ ಆಗಿತ್ತು; ಹಳೆಯ ಗುರುತು ಹತ್ತಿದಂತೆ ಕಾಣಲಿಲ್ಲ. "ಅಲ್ಲಿ ಭಾಷಾ ಬ್ಯಾರೇನ ಇರಬೇಕಲ್ಲ? ಒಂದೀಟ ಮಾತಾಡಿ ತೋರಸ್ರಿ, ಕೇಳೂಣು."

ಏನು ಹೇಳಲಿ? ಊಟವಾಯಿತೆ ಎಂದು ಕೊಂಕಣಿಯಲ್ಲಿ ಕೇಳಿದೆ: "ಜೆವಣ್ ಜಾಲೆಂ?"

ಸಾವಕಾರರು ಕಣ್ಣು ಅರಳಿಸಿದರು. "ಆಹಾ! ಏನ ಗತ್ತೈತಿ ನೋಡ್ರಿ!"

ಅಂಗಡಿಯ ಕಟ್ಟೆಯ ಕೆಳಗೆ ಜೋಯಿಡಾ ಕಡೆಯ ಹೆಂಗಸೊಬ್ಬಳು ಬಿದಿರಿನ ಬುಟ್ಟಿ ಹರವಿಕೊಂಡು ಕೂತಿದ್ದಳು, ಪ್ರತಿ ಸಂತೆಗೂ ಕೂಡುವಂತೆ. ತನ್ನನ್ನೇ ಕೇಳಿದೆನೆಂದು ಅವಳು ತಲೆ ಎತ್ತಿ, "ಜಾಲೆಂ ಬಾಬಾ, ತುಜೆಂ?" ಎಂದಳು, ಆಯಿತಪ್ಪಾ, ನಿನ್ನದು ಎಂದು.

ಅವಳ ಮನೆಮಾತೂ ಕೊಂಕಣಿಯೇ; ನನ್ನ ಕೆಲಸ ಹೋಯಿತೆಂದುಕೊಂಡೆ. ಸಾವಕಾರರು ಅವಳತ್ತ ನೋಡಿ, ಕಾರಕೂನರತ್ತ ತಿರುಗಿ, "ನೋಡಿದ್ರೇನು? ಮಾಸ್ತರ ಒಂದ ಮಾತ ಆಡಿದ್ದಕ್ಕ ಬುಟ್ಟಿ ಮಾರಾಕಿನೂ ಪರದೇಶದ ಭಾಷಾ ಕಲ್ತಳು! ಹುಡುಗರು ಎಷ್ಟ ಕಲೀಬಾರದು!" ಎಂದರು.

ಕಾರಕೂನರು ನಗಲಿಲ್ಲ. "ಭಾಷಾ ಇರ್ಲಿ. ಪರದೇಶಕ್ಕ ಹೋಗಿ ಬಂದವಗ ಪ್ರಾಯಶ್ಚಿತ್ತ ಆಗಬೇಕು. ಪಂಚಗವ್ಯ ತಗೊಳ್ಳದ ಮಕ್ಕಳ ಮುಂದ ನಿಲ್ಲಲಿಕ್ಕೆ ಬರೂದಿಲ್ಲ."

ನನಗೆ ಸಿಟ್ಟು ಬಂತು. ದುಡಿದು ಉಂಡದ್ದಕ್ಕೆ ಪ್ರಾಯಶ್ಚಿತ್ತವೆ? "ಪ್ರಾಯಶ್ಚಿತ್ತ ಸಮುದ್ರ ದಾಟಿದವರಿಗೆ ರೀ. ನಾ ದಾಟಿದ್ದು ಹಳ್ಳ. ಅದರಾಗ ಎಮ್ಮಿ ಬೀಳ್ತಾವು. ಅದ ಪರದೇಶ ಅಲ್ಲ, ನಮ್ಮ ಮಗ್ಗಲ ಊರು."

ಈಗ ಸಾವಕಾರರ ಮುಖ ಬಿದ್ದಿತು. "ಹಂಗಂದ್ರ ಹೆಂಗ್ರಿ? ಪರದೇಶದಾಗ ಕಲಿಸಿದಾಂವ ಅಂತ ನಿಮ್ಮನ್ನ ಕರಿಸಿದ್ದು. ಬರೇ ಊರಾಗಿನ ಬಿ.ಎ. ಬೇಕಾಗಿದ್ರ ಹಿಂದಕ ಒಬ್ಬ ಅರ್ಜಿ ಹಾಕಿದ್ದ. ಬ್ಯಾಡ ಅಂದು ಕಳಿಸಿದ್ವಿ."

"ಅಂವ ನಾನ ರೀ," ಎಂದೆ.

ಅಂಗಡಿಯ ಕೆಲಸಗಾರ ಮಡಚುತ್ತಿದ್ದ ಸೀರೆಯನ್ನು ಅರ್ಧಕ್ಕೆ ನಿಲ್ಲಿಸಿ ನನ್ನನ್ನು ನೋಡಿದ. ಸಾವಕಾರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಬೆಣ್ಣೆ ಗಡಿಗೆಯ ಹುಡುಗ ಅವರಿಗೆ ಈಗ ಕಂಡಿರಬೇಕು.

ನಾನು ಎದ್ದು ನಿಂತೆ. "ಬಿ.ಎ. ಅಂತ ಕೆಲಸ ಕೊಡ್ತೀವಿ ಅಂದ್ರ ಇರ್ತೇನಿ. ಪರದೇಶ ಅಂತಾದ್ರ ಬ್ಯಾಡ. ಪಂಚಗವ್ಯಾನೂ ಬ್ಯಾಡ. ನಾಳೆ ಗಾಡಿ ಹಿಡದು ಹೊಕ್ಕೇನಿ."

ಸಾವಕಾರರಿಗೆ ಮಾಸ್ತರರು ಬೇಕಾಗಿದ್ದರು. ಶಾಲೆ ತೆರೆಯುವ ದಿನ ಹತ್ತಿರ ಬಂದಿತ್ತು. "ಕೂಡ್ರಿ, ಕೂಡ್ರಿ. ಬಿ.ಎ. ಅಂತನ ಬರಕೋತೀವಿ, ಆತಿಲ್ಲೋ?" ಎಂದು ಕಾರಕೂನರ ತೊಡೆ ತಟ್ಟಿದರು. "ಕಾಕಾ, ನಿಮ್ಮದೊಂದು ಬಿಡ್ರಿ ಇನ್ನ."

ಕಾರಕೂನರು ಮೂಗು ಏರಿಸಿ ಕೇಳಿದರು: "ಇವತ್ತ ಮನಿಗೆ ಹೋಗಿ ಜಳಕಾ ಮಾಡತೀಯೋ ಇಲ್ಲೋ?"

"ಮಾಡ್ತೇನ್ರಿ. ಮೈಯೆಲ್ಲಾ ಧೂಳ ಆಗೇತಿ."

"ಸಾಕು. ಅದನ್ನ ಪ್ರಾಯಶ್ಚಿತ್ತ ಅಂತ ನಾ ಹಿಡಕೋತೀನಿ."

ನಾನು ಧೂಳಿಗೆ ಮಾಡಿದ ಜಳಕ ಕಮಿಟಿಯ ಪಾಲಿಗೆ ಪ್ರಾಯಶ್ಚಿತ್ತವಾಯಿತು. ಸಾಬೂನು ಮಾತ್ರ ಗೋವೆಯದು.

ಶಾಲೆ ತೆರೆದ ದಿನ ಸಾವಕಾರರು ಜರಿ ರುಮಾಲು ಸುತ್ತಿಕೊಂಡು ಬಂದರು. ಹುಡುಗರು ಕೈ ಕಟ್ಟಿ ನಿಂತಿದ್ದರು, ಸಾವಕಾರರ ಮಗನೂ ಅವರಲ್ಲಿದ್ದ. "ಇವರು ನಿಮ್ಮ ಹೊಸಾ ಹೆಡ್‌ಮಾಸ್ತರು. ಬಿ.ಎ. ಆಗ್ಯಾರ," ಎಂದರು. ನನ್ನ ಎದೆ ಉಬ್ಬಿತು. ಸಾವಕಾರರು ಉಸಿರು ತೆಗೆದುಕೊಂಡು, "ಪರದೇಶದ ಬಿ.ಎ.!" ಎಂದು ಮುಗಿಸಿದರು.

"ಧಾರವಾಡದ್ದು ರೀ," ಎಂದು ಗಟ್ಟಿಯಾಗಿಯೇ ಹೇಳಿದೆ. ಚಪ್ಪಾಳೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಅಂದಿನಿಂದ ಪೇಟೆಯಲ್ಲಿ ನಾನು ಪರದೇಶಿ ಮಾಸ್ತರ. ಹುಡುಗರನ್ನು ಎಷ್ಟು ಸಲ ತಿದ್ದಿದರೂ ಹೆಸರು ಗಟ್ಟಿಯಾಯಿತು.

ಆ ವಾರದ ಸಂತೆಯಲ್ಲಿ ಅವ್ವನ ಹಿಂದೆ ನಿಂತಿದ್ದೆ. ನಾನು ಬಂದದ್ದನ್ನು ಅವಳು ನೋಡಿರಲಿಲ್ಲ. ಬೆಣ್ಣೆ ಕೊಳ್ಳಲು ಬಂದ ಸಾಂಬ್ರಾಣಿ ಊರಿನ ಹೆಂಗಸು, "ನೀ ಪರದೇಶಿ ಮಾಸ್ತರನ ತಾಯಿ ಏನಬೇ?" ಎಂದು ಕೇಳಿದಳು.

ಅವ್ವ ಬೆಣ್ಣೆಯ ಮುದ್ದೆಯನ್ನು ಪಟ್ಟನೆ ಗಡಿಗೆಗೆ ಹಾಕಿದಳು. "ಯಾರ ಪರದೇಶಿ? ನಾ ಇಲ್ಲೇ ಕುಂತಿಲ್ಲೇನು? ನನ್ನ ಮಗಾ ಬಿಯೇ ಅದಾನ, ಬಿಯೇ."

"ಬಿಯೇ ಅಂದ್ರ ಏನವಾ?"

"ಯಾರಿಗ್ಗೊತ್ತು! ಇಲ್ಲೇ ಧಾರವಾಡದಾಗ ಕೊಡ್ತಾರಂತ. ನೀ ಬೆಣ್ಣಿ ತೊಗೊಳ್ಳೂದಿದ್ರ ತೊಗೊ."