ಪಾವಗಡದ ಓಲಗದವನನ್ನು ಹುಡುಕಿ ಹೋದ ಚಾಚಾ

ಚಾಚಾ ತಮ್ಮ ಕೆಳದುಟಿಯನ್ನು ಹೊರಕ್ಕೆ ಮಗುಚಿದರೆ ಒಳಗಡೆ ಸಾಲಾಗಿ ಸಣ್ಣ ಗುಳಿಗಳು ಕಾಣುತ್ತಿದ್ದವು. ನಲವತ್ತು ವರ್ಷ ಕ್ಲಾರಿನೆಟ್ ಊದಿದ ತುಟಿ ಅದು. ಕೆಳಗಿನ ಹಲ್ಲುಗಳ ಮೇಲೆ ತುಟಿ ಮಡಿಚಿ, ಅದರ ಮೇಲೆ ವಾದ್ಯ ಇಟ್ಟು ಊದಿ ಊದಿ, ಹಲ್ಲುಗಳು ಮಾಂಸದಲ್ಲಿ ಅಚ್ಚು ಬಿಟ್ಟಿದ್ದವು. ಬ್ಯಾಂಡಿಗೆ ಸೇರುತ್ತೇನೆಂದು ಯಾರಾದರೂ ಬಂದರೆ ಚಾಚಾ ಮೊದಲು ತುಟಿ ಮಗುಚಿ ತೋರಿಸುತ್ತಿದ್ದರು. "ಇಷ್ಟು ಆಗ್ಬೇಕು. ಆಗ್ತದಾ?" ಎಂದು ಕೇಳುತ್ತಿದ್ದರು. ಅರ್ಧದಷ್ಟು ಜನ ಅಲ್ಲಿಂದಲೇ ವಾಪಸ್ಸು.

ಶಿರಾ ಪೇಟೆಯಲ್ಲಿ ಅವರದು ಮದುವೆ ಬ್ಯಾಂಡಿನ ಅಂಗಡಿ. ಗೋಡೆಯ ಮೊಳೆಗಳಲ್ಲಿ ಕೆಂಪು ಕೋಟುಗಳು, ಮೂಲೆಯಲ್ಲಿ ಡ್ರಮ್ಮು, ಬಾಗಿಲ ಬಳಿ ಒಂದು ಬೆಂಚು. ಪೇಟೆಯವರೆಲ್ಲ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ನಾನು ಮದಲೂರಿನವನು. ಮೊಬೈಲ್ ರಿಪೇರಿ ಅಂಗಡಿ ಹಾಕಲು ಬಂದಾಗ ಪಕ್ಕದ ಮಳಿಗೆಯ ಮಾಲೀಕರು ಗುರುತು ಪರಿಚಯ ಇಲ್ಲದವನಿಗೆ ಕೊಡುವುದಿಲ್ಲ ಎಂದುಬಿಟ್ಟರು. ಚಾಚಾಗೂ ನನ್ನ ಗುರುತಿರಲಿಲ್ಲ. ಆದರೂ ಎದ್ದು ಬಂದು, "ಕೊಡಿ ಸ್ವಾಮಿ, ನಾನಿದೀನಲ್ಲ. ಇವನೇನು ಓಡೋಗಲ್ಲ" ಎಂದರು. ಎಷ್ಟೋ ದಿನದ ಮೇಲೆ, ನನ್ನನ್ನು ಹೇಗೆ ನಂಬಿದಿರಿ ಎಂದು ಕೇಳಿದೆ. "ಬೆಂಚಿನ ಮೇಲೆ ಕೂರೋಕ್ ಮುಂಚೆ ಕೂರ್ಲಾ ಅಂತ ಕೇಳ್ದೆ ಬೇಟಾ. ಅಷ್ಟೇ" ಎಂದು ನಕ್ಕರು.

ಅವರಿಗೊಂದು ಅಭ್ಯಾಸವಿತ್ತು. ಮದುವೆ ಮುಗಿದ ಎರಡು ಮೂರು ದಿನಕ್ಕೆ ಆ ಮನೆಗೆ ತಾವೇ ಹೋಗುವುದು. ದೊಡ್ಡೇರಿಯಾಗಲಿ, ಕೊರಟಗೆರೆಯಾಗಲಿ, ಬಸ್ಸು ಹತ್ತಿ ಹೋಗಿ ಯಜಮಾನರ ಮುಂದೆ ನಿಂತು "ಏನ್ ಕಮ್ಮಿ ಆಯ್ತು ಹೇಳಿ" ಎಂದು ಕೇಳುವುದು. ಚೆನ್ನಾಗಿತ್ತು ಎಂದು ಹೇಳಿದರೆ ಕೂರುತ್ತಲೇ ಇರಲಿಲ್ಲ. ಯಾರಾದರೂ "ಡ್ರಮ್ಮಿನೋನು ಕುಡ್ದಿದ್ದ, ನಮ್ ಹೆಣ್ಣೈಕ್ಳು ಮುಂದೆ ಏನೇನೋ ಆಡ್ದ" ಎಂದು ಬೈದರೆ ಆಗ ನೆಲದ ಮೇಲೆ ಕೂತು ಪೂರಾ ಕೇಳಿಸಿಕೊಂಡು, ಮಾರನೇ ದಿನ ಡ್ರಮ್ಮಿನವನನ್ನು ಕರೆದುಕೊಂಡು ಹೋಗಿ ಕ್ಷಮೆ ಕೇಳಿಸುತ್ತಿದ್ದರು. ನನಗೆ ಇದು ತಮಾಷೆಯಾಗಿ ಕಾಣುತ್ತಿತ್ತು. ಯಾಕೆಂದರೆ ಅಷ್ಟು ಹೊತ್ತಿಗೆ ನಾನು ಬೇರೆ ದಂಧೆ ಹಿಡಿದಿದ್ದೆ.

ಆ ದಂಧೆಯನ್ನು ಬರೆಯುವಾಗ ಈಗಲೂ ಹೇಸಿಗೆಯಾಗುತ್ತದೆ. ಮೊದಮೊದಲು ಅಂಗಡಿಗಳಿಗೆ ಸ್ಕ್ಯಾನ್ ಮಾಡುವ ಕಾರ್ಡು ಮಾಡಿ ಕೊಡುತ್ತಿದ್ದೆ. ಗಿರಾಕಿಗಳು ಅದನ್ನು ಫೋನಿಗೆ ಹಿಡಿದು, ಇಂಟರ್ನೆಟ್ಟಿನ ಅಂಗಡಿ ಪುಟದಲ್ಲಿ ಸ್ಟಾರ್ ಒತ್ತಿ, ನಾಲ್ಕು ಸಾಲು ಬರೆಯಲಿ ಎಂದು. ಅದರಲ್ಲಿ ಮೋಸವೇನೂ ಇರಲಿಲ್ಲ. ಆದರೆ ನಮ್ಮ ಕಡೆಯ ಜನ ಬರೆಯುವವರಲ್ಲ. ತೃಪ್ತಿಯಾದರೆ ಸುಮ್ಮನೆ ಹೋಗುತ್ತಾರೆ, ಆಗದಿದ್ದರೆ ಅಲ್ಲೇ ಬೈದು ಹೋಗುತ್ತಾರೆ. ಅಂಗಡಿಯವರಿಗೆ ತಡೆಯಲಾಗಲಿಲ್ಲ. "ನೀವೇ ಒಂದಿಪ್ಪತ್ತು ಬರ್ದ್ ಹಾಕ್ರೀ" ಎಂದರು. ಬರೆದೆ. ಆಮೇಲೆ ಅದೇ ಕೆಲಸವಾಯಿತು. ಮೇಜಿನ ಮೇಲೆ ಹದಿಮೂರು ಹಳೆಯ ಫೋನುಗಳು, ಒಂದೊಂದಕ್ಕೂ ಬೇರೆ ಸಿಮ್ಮು, ಬೇರೆ ಹೆಸರು. ಮಧುಗಿರಿಯ ಗೃಹಿಣಿ ನಾನೇ, ಕೊರಟಗೆರೆಯ ರೈತ ನಾನೇ, ನಿವೃತ್ತ ಶಿಕ್ಷಕಿಯೂ ನಾನೇ. ನಿಜ ಅನ್ನಿಸಲಿ ಎಂದು ಬೇಕಂತಲೇ ಕಾಗುಣಿತ ತಪ್ಪಿಸುತ್ತಿದ್ದೆ. ಐದು ಸ್ಟಾರಿನ ಹತ್ತು ಹೊಗಳಿಕೆಯ ನಡುವೆ ನಾಲ್ಕು ಸ್ಟಾರಿನದೊಂದು ಹಾಕಿ "ಪಾರ್ಕಿಂಗ್ ಇಲ್ಲ" ಎಂದು ಬರೆಯುತ್ತಿದ್ದೆ. ಅಂಥ ಒಂದು ಸಣ್ಣ ದೂರು ಇದ್ದರೆ ಜನ ಉಳಿದದ್ದನ್ನೆಲ್ಲ ನಂಬುತ್ತಾರೆ ಎಂಬುದನ್ನು ಕಂಡುಕೊಂಡು ಹೆಮ್ಮೆ ಬೇರೆ ಪಟ್ಟಿದ್ದೆ.

ಮಧುಗಿರಿಯಲ್ಲಿ ಹೊಸದಾಗಿ ತೆರೆದಿದ್ದ ಒಂದು ಹಲ್ಲಿನ ಆಸ್ಪತ್ರೆ ನನ್ನ ದೊಡ್ಡ ಗಿರಾಕಿಯಾಯಿತು. ಒಳಗೆ ಕಾಲಿಟ್ಟರೆ ಎದುರಿಗೇ ದೊಡ್ಡ ಟಿವಿ. ಅದರಲ್ಲಿ ಒಂದರ ಹಿಂದೆ ಒಂದು ರಿವ್ಯೂ ಹರಿಯುತ್ತಿತ್ತು. ಕಾಯುತ್ತ ಕೂತವರು ದವಡೆ ಹಿಡಿದುಕೊಂಡು ಅದನ್ನೇ ಓದುತ್ತಿದ್ದರು. ಬಹುಪಾಲು ನಾನು ಬರೆದದ್ದು. ಅಲ್ಲಿಯ ಮ್ಯಾನೇಜರು ಒಂದು ದಿನ, "ಎಲ್ಲಾ ಒಂದೇ ಥರ ಅವೆ ಕಣ್ರೀ. ಮನ್ಸಿಗೆ ತಾಕೋ ಹಂಗೆ ಒಂದ್ ಬರೀರಿ" ಎಂದರು.

ಅದೇ ವಾರ ಚಾಚಾ ಬೆಂಚಿನ ಮೇಲೆ ಕೂತು ಕೆಳಗಿನ ಹಲ್ಲುಗಳನ್ನು ಬೆರಳಿನಿಂದ ಅಲ್ಲಾಡಿಸಿ ನೋಡುತ್ತಿದ್ದರು. "ಗಾಳಿ ಸೋರ್ತದೆ ಬೇಟಾ. ಊದಿದ್ದು ಅರ್ಧ ಹೊರಗೇ ಹೋಗ್ತದೆ. ಮದುವೆ ಮನೆಯೋರ ಮುಂದೆ ತಲೆ ಎತ್ತೋಕಾಗಲ್ಲ" ಎಂದರು. ಪಾಪ ಅನ್ನಿಸಿತು. ನಿಜವಾಗಿ ಅನ್ನಿಸಿತು. ಆದರೆ ಒಳಗೆ ಹೋಗಿ ಕೂತವನು ಮಾಡಿದ ಮೊದಲ ಕೆಲಸವೆಂದರೆ ಒಂದು ಫೋನು ತೆಗೆದುಕೊಂಡು ಹೀಗೆ ಬರೆದದ್ದು: "ನಾನು ಪಾವಗಡ ಕಡೆ ಓಲಗದವನು. ಹಲ್ಲು ಅಲ್ಲಾಡಿ ಗಾಳಿ ಸೋರುತ್ತಿತ್ತು. ಮದುವೆ ಮನೆಯವರ ಮುಂದೆ ತಲೆ ಎತ್ತೋಕೆ ಆಗುತ್ತಿರಲಿಲ್ಲ. ಇಲ್ಲಿ ಹೊಸ ಹಲ್ಲು ಕೂರಿಸಿದರು. ಈಗ ಮೊದಲಿಗಿಂತ ಚೆನ್ನಾಗಿ ಊದುತ್ತಿದ್ದೇನೆ. ದೇವರಂಥ ಡಾಕ್ಟ್ರು." ಮ್ಯಾನೇಜರಿಗೆ ತುಂಬಾ ಹಿಡಿಸಿತು. ಟಿವಿಯಲ್ಲಿ ಅದನ್ನೇ ಎಲ್ಲಕ್ಕಿಂತ ಮೊದಲು ಹಾಕಿಸಿದರು.

ತಿಂಗಳೊಪ್ಪತ್ತಿನಲ್ಲಿ ಚಾಚಾ ಮಗಳ ಫೋನು ಹಿಡಿದುಕೊಂಡು ನನ್ನಂಗಡಿಗೆ ಬಂದರು. ಮುಖ ಅರಳಿತ್ತು.

"ನೋಡಿಲ್ಲಿ! ನಮ್ ಥರದೋನೇ ಒಬ್ಬ. ಗಾಳಿ ಸೋರ್ತಿತ್ತಂತೆ, ತಲೆ ಎತ್ತೋಕಾಗ್ತಿರ್ಲಿಲ್ಲಂತೆ. ನನ್ನ ಬಾಯಲ್ಲಿರೋ ಮಾತೇ ಬರ್ದವ್ನೆ. ಊದೋನಿಗೇ ಗೊತ್ತು ಬೇಟಾ ಊದೋನ ಕಷ್ಟ. ಈ ಆಸ್ಪತ್ರೆ ಹೆಂಗೆ? ಹೋಗ್ಲಾ?"

ಆ ಹೊತ್ತಿನಲ್ಲಿ ನಾನು ಒಂದು ಮಾತು ಹೇಳಬಹುದಿತ್ತು. ಸುಳ್ಳು ಎಂದು ಒಪ್ಪಿಕೊಳ್ಳುವುದು ಬೇಡ, ತುಮಕೂರಿನಲ್ಲಿ ಇನ್ನೊಬ್ಬರಿಗೆ ತೋರಿಸಿ ಎಂದಿದ್ದರೂ ಸಾಕಿತ್ತು. ಓದಿದ ಡಾಕ್ಟರೇ ತಾನೆ, ಏನಾದೀತು ಎಂದು ನನಗೆ ನಾನೇ ಹೇಳಿಕೊಂಡೆ. ಬಾಯಲ್ಲಿ, "ಒಳ್ಳೇ ಆಸ್ಪತ್ರೆ ಚಾಚಾ, ಹೋಗ್ಬನ್ನಿ" ಎಂದೆ.

ಅಲ್ಲಿ ಕೆಳಗಿನ ಆರು ಹಲ್ಲು ಕಿತ್ತರು. ಅದರಲ್ಲಿ ಮೂರು ಗಟ್ಟಿಯಾಗಿದ್ದವಂತೆ. ದವಡೆಗೆ ಸ್ಕ್ರೂ ತಿರುಗಿಸಿ ಹೊಸ ಹಲ್ಲು ಕೂರಿಸಿದರು. ಹದಿನೈದು ದಿನದಲ್ಲಿ ಕೀವಾಯಿತು. ಚಾಚಾ ಬೆಂಚಿನ ಮೇಲೆ ಕೂತರೆ ನನ್ನಂಗಡಿಯವರೆಗೂ ವಾಸನೆ ಬರುತ್ತಿತ್ತು. ಅವರು ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ಮಾತಾಡುತ್ತಿದ್ದರು. ಕೀವು ವಾಸಿಯಾಯಿತು, ಆದರೆ ಕೆಳದುಟಿಗೆ ಸ್ಪರ್ಶ ಬರಲೇ ಇಲ್ಲ. ಸ್ಕ್ರೂ ನರಕ್ಕೆ ತಗುಲಿದೆ ಎಂದು ತುಮಕೂರಿನಲ್ಲಿ ಹೇಳಿದರು. ಚಹಾ ಕುಡಿದರೆ ಗಲ್ಲದ ಮೇಲೆ ಇಳಿಯುತ್ತಿತ್ತು, ಅವರಿಗೆ ತಿಳಿಯುತ್ತಿರಲಿಲ್ಲ. ಕ್ಲಾರಿನೆಟ್ಟನ್ನು ಬಾಯಿಗಿಟ್ಟರೆ ಅದು ತುಟಿಯ ಮೇಲಿದೆಯೋ ಇಲ್ಲವೋ ಎಂದು ಕನ್ನಡಿ ನೋಡಬೇಕಾಗಿತ್ತು. ಊದಿದರೆ ಬರೀ ಉಸ್ಸೆಂಬ ಸದ್ದು.

ಅವರ ಮಗಳು ಆಸ್ಪತ್ರೆಯ ಪುಟದಲ್ಲಿ ಆದದ್ದನ್ನೆಲ್ಲ ಬರೆದಳು. ಮ್ಯಾನೇಜರು ನನಗೆ ಫೋನು ಮಾಡಿ, "ಅದ್ಯಾವಳೋ ಕೊಳಕು ಬರ್ದವ್ಳೆ, ಕೆಳಗೆ ತಳ್ಳಿ" ಎಂದರು. ಯಾರ ಮಗಳು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಎರಡು ದಿನದಲ್ಲಿ ಮೂವತ್ತು ಹೊಗಳಿಕೆ ಹಾಕಿ ಆ ಹೆಣ್ಣುಮಗಳ ಮಾತನ್ನು ಕಣ್ಣಿಗೆ ಬೀಳದಂತೆ ಮಾಡಿದೆ. ಗೋಡೆಯ ಆಚೆ ಚಾಚಾ ಕೆಮ್ಮುತ್ತಿದ್ದದ್ದು ಕೇಳುತ್ತಿತ್ತು. ಈಚೆ ನಾನು "ಸೂಪರ್ ಟ್ರೀಟ್‌ಮೆಂಟ್" ಎಂದು ಒತ್ತುತ್ತಿದ್ದೆ.

ಒಂದು ಬೆಳಿಗ್ಗೆ ಚಾಚಾ ಅಂಗಡಿ ತೆರೆಯಲಿಲ್ಲ. ಮಧ್ಯಾಹ್ನವೂ ಇಲ್ಲ. ಮಾರನೇ ದಿನ ಮೂರು ಗಂಟೆಯ ಬಿಸಿಲಿನಲ್ಲಿ ಚಪ್ಪಲಿಯೆಲ್ಲ ಧೂಳಾಗಿ ಬಂದು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತರು. ನೀರು ಕೊಟ್ಟೆ. ಗಲ್ಲಕ್ಕೆ ಟವೆಲ್ಲು ಒತ್ತಿಕೊಂಡು ಕುಡಿದರು.

"ಪಾವಗಡಕ್ಕೆ ಹೋಗಿದ್ದೆ ಬೇಟಾ."

ಲೋಟ ಮೆಟ್ಟಿಲ ಮೇಲಿಟ್ಟು ಯಾಕೆಂದೂ ಅವರೇ ಹೇಳಿದರು.

"ಆ ಓಲಗದೋನ್ನ ಹುಡುಕ್ಕೊಂಡು. ಅವನಿಗೂ ತುಟಿ ಮರಗಟ್ಟಿರ್ಬೇಕು, ಎಷ್ಟು ದಿನಕ್ಕೆ ಬಿಡ್ತು, ಹೆಂಗೆ ಊದ್ತಾನೆ, ಕೇಳ್ಬೇಕಿತ್ತು. ಬಸ್ ಸ್ಟ್ಯಾಂಡಲ್ಲಿ ಕೇಳ್ದೆ, ಗುಡಿ ಮುಂದೆ ಕೇಳ್ದೆ. ಕೋಟೆ ಬೆಟ್ಟದ ಕೆಳಗೆ ಒಬ್ಬ ಮುದುಕ ಸಿಕ್ಕ, ಅರವತ್ತು ವರ್ಷದಿಂದ ಓಲಗ ಊದ್ತವ್ನಂತೆ. 'ಅಟ್ಲಾಂಟೋಡು ಎವಡೂ ಲೇಡು ಸಾಬೂ, ನಾಕು ತೆಲೀನೋಡು ಈ ತಾಲೂಕುಲೋ ಲೇಡು' ಅಂತ ತೆಲುಗಲ್ಲಿ ಅಂದ. ಅವನಿಗೆ ಗೊತ್ತಿಲ್ದಿರೋ ಓಲಗದೋನು ಆ ತಾಲ್ಲೂಕಲ್ಲೇ ಇಲ್ವಂತೆ. ಮನೇಗ್ ಕರ್ಕೊಂಡೋಗಿ ಊಟ ಹಾಕ್ದ, ಅಲ್ಲೇ ಮಲಗಿಸ್ಕೊಂಡ. ಬೆಳಿಗ್ಗೆ ಅವನೂ ನನ್ ಜೊತೆ ಎರಡು ಹಳ್ಳಿ ಸುತ್ತಿದ. ಸಿಗ್ಲಿಲ್ಲ ಕಣೋ. ಸತ್ತೋದ್ನೋ ಏನೋ. ನೀನು ಫೋನ್ ವಿದ್ಯೆ ಬಲ್ಲೋನು, ಅವನ ನಂಬರ್ ಹುಡುಕಿಕೊಡು."

ಮೇಜಿನ ಮೇಲಿನ ಹದಿಮೂರು ಫೋನುಗಳಲ್ಲಿ ಆ ಓಲಗದವನ ಫೋನನ್ನು ತೆಗೆದು ಅವರ ಕೈಗಿಟ್ಟೆ.

"ಅಂಥೋನು ಯಾರೂ ಇಲ್ಲ ಚಾಚಾ. ಅದು ನಾನು ಬರೆದದ್ದು. ನೀವು ಬೆಂಚಿನ ಮೇಲೆ ಆಡಿದ ಮಾತನ್ನೇ ಬರೆದೆ. ನಿಮ್ಮ ಮಗಳ ಬರಹವನ್ನು ಮುಚ್ಚಿಹಾಕಿದ್ದೂ ನಾನೇ."

ಚಾಚಾ ಆ ಫೋನನ್ನು ತಿರುಗಿಸಿ ನೋಡಿದರು. ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಐದ್ ಹೊತ್ತಿನ ನಮಾಜ್‌ನಲ್ಲೂ ಅವನಿಗೆ ದುವಾ ಮಾಡ್ತಿದ್ದೆ" ಎಂದರು. "ನಾನು ಊದ್ದೇ ಹೋದ್ರೂ ಅವನು ಊದ್ತಿರ್ಲಿ ಅಂತ."

ಫೋನನ್ನು ಮೆಟ್ಟಿಲ ಮೇಲಿಟ್ಟು ಎದ್ದರು. ಎರಡು ಹೆಜ್ಜೆ ಹೋಗಿ ತಿರುಗಿ ನೋಡಿ, "ನಿಮ್ಮ ನೀರಿನ ಲೋಟ ಅಲ್ಲೇ ಇದೆ, ತಗೊಳ್ಳಿ" ಎಂದರು. ನಿಮ್ಮ. ತಗೊಳ್ಳಿ. ಬೇಟಾ ಎಂಬ ಮಾತು ಅವತ್ತಿಗೆ ಮುಗಿಯಿತು. ಮುಂದಿನ ಎರಡು ವರ್ಷ ಗೋಡೆಯ ಆಚೆಬದಿಯಲ್ಲೇ ಇದ್ದರು, ದಿನಾ ಎದುರಾಗುತ್ತಿದ್ದರು, ಮಾತಾಡಬೇಕಾದಾಗ ಅಪರಿಚಿತ ಸಾಹೇಬರ ಹತ್ತಿರ ಮಾತಾಡುವಂತೆ ಬಹುವಚನದಲ್ಲೇ ಮಾತಾಡಿದರು. ಅದಕ್ಕಿಂತ ದೊಡ್ಡ ಬೈಗುಳವನ್ನು ನಾನು ಕೇಳಿಲ್ಲ.

ಸಿಮ್ಮುಗಳನ್ನು ಮುರಿದು ಚರಂಡಿಗೆ ಎಸೆದೆ. ಅದೂ ನನ್ನ ಅವಿವೇಕವೇ. ಆಮೇಲೆ ಓಲಗದವನ ರಿವ್ಯೂ ಅಳಿಸಲು ಹೋದರೆ, ಆ ನಂಬರಿಗೆ ಕಳಿಸಿದ ಅಂಕಿ ಒತ್ತಿ ಎಂದು ಕೇಳಿತು. ನಂಬರು ಚರಂಡಿಯಲ್ಲಿತ್ತು. ಇದು ಸುಳ್ಳು, ಬರೆದವನು ನಾನೇ ಎಂದು ಎಷ್ಟು ಸಲ ದೂರು ಕೊಟ್ಟರೂ ಪರಿಶೀಲಿಸಿದ್ದೇವೆ, ನಿಯಮ ಮೀರಿಲ್ಲ ಎಂಬ ಉತ್ತರ ಬಂತು. ಅದು ಇನ್ನೂ ಅಲ್ಲೇ ಇದೆ. ನೂರಾರು ಜನ ಅದರ ಕೆಳಗೆ ಉಪಯೋಗವಾಯಿತು ಎಂದು ಒತ್ತಿದ್ದಾರೆ.

ಚಾಚಾರ ಮಗಳು ತುಮಕೂರಿನ ಗ್ರಾಹಕರ ಆಯೋಗದಲ್ಲಿ ದೂರು ಕೊಟ್ಟಳು. ನಾನು ಮಾಡಿದ್ದನ್ನೆಲ್ಲ ಬರೆದು ಸಹಿ ಹಾಕಿ ಅವಳಿಗೆ ಕೊಟ್ಟೆ. ಅವಳು ಕಾಗದ ತೆಗೆದುಕೊಂಡಳು, ಮುಖ ನೋಡಲಿಲ್ಲ. ನನ್ನ ಹೇಳಿಕೆಯಿಂದ ಕೇಸು ಗಟ್ಟಿಯಾಯಿತು ಎಂದು ವಕೀಲರು ಹೇಳಿದರು. ಅಷ್ಟರಲ್ಲಿ ಆಸ್ಪತ್ರೆಯವರು ಬೋರ್ಡು ಬದಲಿಸಿದರು. ಬಾಗಿಲು ಅದೇ, ಟಿವಿ ಅದೇ. ಪುಟದ ಮೇಲಿನ ಹೆಸರು ಮಾತ್ರ ಹೊಸದು, ಹಳೆಯ ಸ್ಟಾರುಗಳೆಲ್ಲ ಹಾಗೇ ಉಳಿದವು. ಒಮ್ಮೆ ಮಧುಗಿರಿಗೆ ಹೋದಾಗ ಬಾಗಿಲಲ್ಲಿ ನಿಂತು ನೋಡಿದೆ. ಟಿವಿಯಲ್ಲಿ ನನ್ನ ಓಲಗದವನ ಬರಹವನ್ನೇ ಯಾರೋ ಅಲ್ಲಲ್ಲಿ ಪದ ತಿರುಚಿ ಮತ್ತೆ ಬರೆದಿದ್ದರು.

ಚಾಚಾ ಬ್ಯಾಂಡು ಬಿಡಲಿಲ್ಲ. ಊದಲು ಇನ್ನೊಬ್ಬರನ್ನು ಸೇರಿಸಿಕೊಂಡು, ತಾವು ಮುಂದೆ ನಡೆಯುತ್ತ ಕೈಯಲ್ಲಿ ತಾಳ ತೋರಿಸುತ್ತಿದ್ದರು. ಮದುವೆಯ ಊಟಕ್ಕೆ ಮಾತ್ರ ಕೂರುತ್ತಿರಲಿಲ್ಲ. ಬಾಯಿಂದ ಸಾರು ಇಳಿಯುವುದನ್ನು ಜನ ನೋಡುವುದು ಅವರಿಗೆ ಬೇಕಿರಲಿಲ್ಲ. ಕಳೆದ ಚಳಿಗಾಲದಲ್ಲಿ ಎದೆನೋವು ಬಂದು, ಆಸ್ಪತ್ರೆಗೆ ಸಾಗಿಸುವ ಮೊದಲೇ ತೀರಿಕೊಂಡರು.

ಖಬರಸ್ತಾನಕ್ಕೆ ನಾನೂ ಹೋದೆ. ಚಾಚಾ ಬ್ಯಾಂಡು ನುಡಿಸಿದ ಮದುವೆ ಮನೆಗಳಿಂದ, ದೊಡ್ಡೇರಿಯಿಂದ, ಮದಲೂರಿನಿಂದ ಜನ ಬಂದಿದ್ದರು. ದೇಹವನ್ನು ಇಳಿಸಿ ಹಲಗೆ ಮುಚ್ಚಿದ ಮೇಲೆ ಒಬ್ಬೊಬ್ಬರಾಗಿ ಹೋಗಿ ಮೂರು ಮೂರು ಹಿಡಿ ಮಣ್ಣು ಹಾಕತೊಡಗಿದರು. ನಾನು ಹಿಂದೆಯೇ ನಿಂತಿದ್ದೆ. ಹೋಗಬೇಕೋ ಬೇಡವೋ ತಿಳಿಯಲಿಲ್ಲ. ನನ್ನ ಮುಂದಿದ್ದ ಹಿರಿಯರೊಬ್ಬರು ತಿರುಗಿ ನೋಡಿ, ಪಕ್ಕದಲ್ಲಿದ್ದ ಡ್ರಮ್ಮಿನವನನ್ನು "ಇವರು ಯಾರಪ್ಪ?" ಎಂದು ಕೇಳಿದರು.

ಡ್ರಮ್ಮಿನವನು ನನ್ನ ಮುಖವನ್ನೇ ನೋಡುತ್ತ ಉತ್ತರ ಕೊಟ್ಟ.

"ಚಾಚಾ ಬದುಕಿದ್ದಾಗ್ಲೇ ಬಾಯಿಗೆ ಮಣ್ಣಾಕ್ದೋನು. ಈಗ್ಲೂ ಹಾಕ್ಲಿ, ದಾರಿ ಬುಡಿ."

ಹಿರಿಯರು ಸರಿದು ದಾರಿ ಬಿಟ್ಟರು. ನಾನು ಹೋಗಿ ಬಗ್ಗಿ ಮೂರು ಹಿಡಿ ಮಣ್ಣು ಹಾಕಿದೆ.